ಮೇಷ್ಟ್ರೇ, ರಾತ್ರಿ ಊಟ ಎಷ್ಟು ಗಂಟೆಗೆ?

ಕೇಳುಗರಿಗೆ ನಮಸ್ಕಾರ. ನಾನು ಕಿವಿ, ಮೂಗು, ಗಂಟಲಿನ ಡಾಕ್ಟರು. ಇವತ್ತು ನನ್ನ ಮಾತು ಶಾಲೆಯ ಮೇಷ್ಟ್ರು, ಟೀಚರುಗಳ ಜೊತೆ. ಉಳಿದವರೂ ಕೇಳಿ, ಬೇಡ ಅನ್ನುವುದಿಲ್ಲ.

ಹೇಳುವುದು ಒಂದೇ. ರಾತ್ರಿ ಊಟಕ್ಕೂ ಹಾಸಿಗೆಗೂ ನಡುವೆ ಮೂರು ಗಂಟೆ ಇರಲಿ.

ಗಂಟಲು ಕಟ್ಟುವುದಕ್ಕೂ ಊಟಕ್ಕೂ ಏನು ಸಂಬಂಧ ಅಂತೀರಾ? ಹೊಟ್ಟೆಯಲ್ಲಿ ಆಮ್ಲ ಇದೆ, ಪೆಪ್ಸಿನ್ ಅನ್ನುವ ಕಿಣ್ವ ಇದೆ, ವಿಜ್ಞಾನದ ಮೇಷ್ಟ್ರಿಗೆ ಗೊತ್ತು. ಹೊಟ್ಟೆ ತುಂಬ ಉಂಡು ಮಲಗಿದರೆ ಇವು ಮೇಲೆ ಬಂದು ಗಂಟಲು ಮುಟ್ಟುತ್ತವೆ. ತಡೆದುಕೊಳ್ಳಲು ಹೊಟ್ಟೆಗೆ ಗಟ್ಟಿ ಒಳಪದರ ಇದೆ, ಧ್ವನಿತಂತುಗಳಿಗೆ ಇಲ್ಲ. ಮಾತಾಡುವಾಗ ಈ ತಂತುಗಳು ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ ಹೆಚ್ಚುಕಡಿಮೆ ಅದರರ್ಧ ಸಲ ಬಡಿದುಕೊಳ್ಳುತ್ತವೆ. ಊದಿಕೊಂಡ ತಂತುಗಳಲ್ಲಿ ದಿನಕ್ಕೆ ಐದಾರು ಪೀರಿಯಡ್ ಕೂಗಿದರೆ ಏನಾಗಬೇಡ?

ಒಬ್ಬರು ಟೀಚರ್ ಬಂದಿದ್ದರು. ನಲಿಕಲಿ ತರಗತಿ, 1ರಿಂದ 3ನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಹಾಡು, ಕಥೆ, ಗದರಿಕೆ ಎಲ್ಲಾ ಇವರೇ. ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೇ ಗೊಗ್ಗರು ದನಿ. ಮಾತಿಗೊಮ್ಮೆ "ಹ್ಞೂಂ ಹ್ಞೂಂ" ಅಂತ ಗಂಟಲು ಕೆರೆಯುತ್ತಿದ್ದರು, ಮಕ್ಕಳೂ ಅದನ್ನೇ ಕಲಿತು ಟೀಚರ್ ಆಟ ಆಡುತ್ತಿದ್ದರಂತೆ! "ಸೀಮೆಸುಣ್ಣದ ಧೂಳು ಡಾಕ್ಟ್ರೇ" ಅಂತ ಆರು ತಿಂಗಳು ಸುಮ್ನೆ ಕೆಮ್ಮಿನ ಸಿರಪ್ಪು ಕುಡಿದಿದ್ದರು. ಎದೆಯುರಿ ಇದೆಯಾ ಅಂದೆ. ಇಲ್ಲವೇ ಇಲ್ಲ ಅಂದರು. ಮೋಸ ಇರುವುದೇ ಅಲ್ಲಿ, ಎದೆ ಉರಿಯದೆಯೂ ಆಮ್ಲ ಗಂಟಲಿಗೆ ಬರುತ್ತದೆ. ಕ್ಯಾಮೆರಾ ಹಾಕಿ ನೋಡಿದರೆ ಧ್ವನಿಪೆಟ್ಟಿಗೆಯ ಹಿಂಭಾಗ ಕೆಂಪಾಗಿತ್ತು.

ರಾತ್ರಿ ಊಟ ಎಷ್ಟಕ್ಕೆ ಅಂತ ಕೇಳಿದೆ. ಯಜಮಾನರು ಅಂಗಡಿ ಮುಚ್ಚಿ ಬರುವುದು ಹತ್ತೂವರೆಗೆ, ಅವರಿಗೆ ಬಡಿಸಿ, ತಾವೂ ಉಂಡು, ಪಾತ್ರೆ ತೊಳೆದ ಕೂಡಲೇ ಹಾಸಿಗೆ. "ಅವರು ಬರುವ ಮುಂಚೆ ನಾನು ಹೇಗೆ ಉಣ್ಣಲಿ?" ಅಂದರು. ನನಗೆ ಸ್ವಲ್ಪ ರೇಗಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಯಜಮಾನರನ್ನು ಕರೆಸಿ ಕೇಳಿದರೆ, "ಕಾಯಿ ಅಂತ ನಾನೆಲ್ಲಿ ಹೇಳಿದ್ದೆ?" ಅನ್ನಬೇಕೇ! ಅವತ್ತಿನಿಂದ ಎಂಟಕ್ಕೆ ಊಟ. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಅರ್ಧ ಅಡಿ ಏರಿಸಿದರು. ಕೆಲವು ವಾರ ಮಾತ್ರೆಯನ್ನೂ ಕೊಟ್ಟೆ ಅನ್ನಿ. ಮೂರು ತಿಂಗಳ ಮೇಲೆ ಫೋನ್ ಮಾಡಿದರು, ಯಾರ ದನಿ ಅಂತ ನನಗೇ ಗೊತ್ತಾಗಲಿಲ್ಲ.

ಗಾಜಿನ ಆಚೆಯಿಂದ ಸಮಯ ಆಯ್ತು ಅಂತ ಕೈ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಗಂಟಲು ಕೆರೆಯಬೇಡಿ, ಒಂದು ಗುಟುಕು ನೀರು ಕುಡಿಯಿರಿ. ಶಾಲೆಯಲ್ಲಿ ಶೌಚಾಲಯ ಸರಿ ಇಲ್ಲ ಅಂತ ನೀರೇ ಕುಡಿಯದ ಟೀಚರುಗಳು ಜಾಸ್ತಿ, ಅದು ಬೇರೆಯೇ ಜಗಳ. ಪಿಸುಗುಟ್ಟಿದರೆ ದನಿಗೆ ವಿಶ್ರಾಂತಿ ಸಿಗುವುದಿಲ್ಲ, ಸುಮ್ಮನಿರಬೇಕು. ದನಿ ಕೂತು ನಾಲ್ಕು ವಾರ ದಾಟಿದರೆ ಗಂಟಲು ತೋರಿಸಿ, ಬೀಡಿ ಸಿಗರೇಟು ಸೇದುವವರು ಅಷ್ಟು ದಿನವೂ ಕಾಯಬೇಡಿ. ಮತ್ತೆ ಊಟ, ಎಂಟಕ್ಕೆ. ಹಾಂ, ಇಟ್ಟಿಗೆ ಬದಲು ಎರಡು ದಿಂಬು ಸಾಲದೇ ಅಂತ ಕೇಳುತ್ತೀರಿ. ಸಾಲದು, ಕತ್ತು ಮಡಚುತ್ತದೆ ಅಷ್ಟೇ. ನಮಸ್ಕಾರ.