ಸಾಕ್ಷಿ ಹೇಳಿದ ಮೇಲೆ

ಕೇಳುಗ ಬಂಧುಗಳಿಗೆ ವಂದನೆಗಳು.

ಪ್ರಾರ್ಥನಾ ಕೂಟಗಳಲ್ಲಿ ಎದ್ದು ನಿಂತು ಸಾಕ್ಷಿ ಹೇಳುವವರನ್ನು ನೀವು ನೋಡಿರುತ್ತೀರಿ. ಇಂಥ ವರ್ಷ ಕರ್ತನು ನನ್ನನ್ನು ಮುಟ್ಟಿದನು, ಕುಡಿತ ಬಿಟ್ಟೆ, ಎನ್ನುತ್ತಾರೆ. ಬಹಳ ಸಂತೋಷ. ಆಮೇಲೆ ಏನು ಬಿಟ್ಟಿರಿ? ಹೀಗೆ ಕೇಳಿದರೆ ಕೆಲವರಿಗೆ ಬೇಸರ. ಆದರೂ ಕೇಳುತ್ತೇನೆ. ಪಾಪದೊಂದಿಗೆ ಹೋರಾಟ ಶುರುವಾಗುವುದೇ ರಕ್ಷಣೆಯ ದಿನ.

ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ನಾವಿಕನಿದ್ದ. ಬಾಯಿ ತೆರೆದರೆ ದೇವದೂಷಣೆ. 1748ರ ಮಾರ್ಚ್ ತಿಂಗಳಲ್ಲಿ ಅವನಿದ್ದ ಗ್ರೇಹೌಂಡ್ ಹಡಗು ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿತು. ಒಳಗೆಲ್ಲ ನೀರು. ಪಂಪು ಒತ್ತಿ ಒತ್ತಿ ಸೋತವನ ಬಾಯಲ್ಲಿ, ಕರ್ತನೇ ನಮ್ಮನ್ನು ಕರುಣಿಸಬೇಕು ಎಂಬ ಮಾತು ತಾನಾಗಿ ಬಂತು. ಹಡಗು ದಡ ಸೇರಿತು. ಬೈಗುಳ ನಿಂತಿತು, ಸತ್ಯವೇದ ಓದತೊಡಗಿದ. ನಮ್ಮ ಕೂಟವಾಗಿದ್ದರೆ ಕಥೆ ಇಲ್ಲಿಗೇ ಮುಗಿದು 'ಹಲ್ಲೆಲೂಯ' ಕೇಳಿಸುತ್ತಿತ್ತು!

ಮುಂದೆ ಕೇಳಿ. ಇದೇ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾದ. ಹೌದು, ಪಶ್ಚಾತ್ತಾಪಪಟ್ಟ ಮೇಲೆ! ಆಫ್ರಿಕಾದ ಕರಾವಳಿಯಲ್ಲಿ ಗಂಡಸರನ್ನು, ಹೆಂಗಸರನ್ನು, ಮಕ್ಕಳನ್ನು ಕೊಂಡು, ಹಡಗಿನಲ್ಲಿ ತುಂಬಿ, ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಮಾರುವ ಕೆಲಸ. ಭಾನುವಾರ ಬಂತೆಂದರೆ ನಾವಿಕರನ್ನು ಕೂಡಿಸಿ ಎರಡು ಹೊತ್ತು ಆರಾಧನೆ ನಡೆಸುತ್ತಿದ್ದ. ಮೇಲೆ ಪ್ರಾರ್ಥನೆ, ಕೆಳಗೆ ಸಂಕೋಲೆ. ಅವನ ಭಕ್ತಿ ನಟನೆಯಲ್ಲ. ಆ ವ್ಯಾಪಾರ ಪಾಪವೆಂದು ಅವನಿಗೆ ಹೊಳೆದೇ ಇರಲಿಲ್ಲ, ಅಷ್ಟೆ. 1754ರಲ್ಲಿ ಸಮುದ್ರ ಬಿಟ್ಟದ್ದು ಕೂಡ ಕಾಯಿಲೆ ಬಿದ್ದದ್ದರಿಂದ.

1764ರಲ್ಲಿ ಓಲ್ನಿ ಎಂಬ ಊರಿನಲ್ಲಿ ಸಭಾಪಾಲಕನಾದ. ಆಗಲೂ ಆ ವಿಷಯದಲ್ಲಿ ಬಾಯಿ ಬಿಡಲಿಲ್ಲ. ಕೊನೆಗೆ 1788ರಲ್ಲಿ ಆ ವ್ಯಾಪಾರದ ಕ್ರೌರ್ಯವನ್ನೆಲ್ಲ ಬರೆದು, ನಾನೂ ಅದರಲ್ಲಿ ಪಾಲುಗಾರನಾಗಿದ್ದೆ ಎಂದು ನಾಚಿಕೆಪಟ್ಟು, ಅಚ್ಚು ಹಾಕಿಸಿದ. ಲೆಕ್ಕ ಹಾಕಿ, ಬಿರುಗಾಳಿಯಿಂದ 40 ವರ್ಷ! 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ಕಾನೂನಿನಿಂದ ನಿಲ್ಲಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡ.

ಬೈಗುಳ ಬೇಗ ಕಣ್ಣಿಗೆ ಬಿತ್ತು, ಸಂಕೋಲೆ ಬೀಳಲಿಲ್ಲ. ಯಾಕೆ? ಅದರಲ್ಲಿ ಲಾಭವಿತ್ತು, ಸುತ್ತಲಿನ ಮರ್ಯಾದಸ್ಥರೂ ಅದನ್ನೇ ಮಾಡುತ್ತಿದ್ದರು. ನಮ್ಮ ಮನೆಗಳಿಗೆ ಬನ್ನಿ. ಸಿಗರೇಟು ಸೇದುವ ಹುಡುಗನಿಗೆ ಉಪದೇಶ ಮಾಡುತ್ತೇವೆ. ಮಗನ ಮದುವೆಗೆ ವರದಕ್ಷಿಣೆ? ದೀಕ್ಷಾಸ್ನಾನವಾಗಿ ಎಷ್ಟು ತಲೆಮಾರು ಕಳೆದರೂ ಜಾತಿ ನೋಡಿಯೇ ಸೊಸೆ ತರುವುದು? ಅದಕ್ಕೆ ಯಾವ ಕೂಟದಲ್ಲಿ ಕಣ್ಣೀರು ಹಾಕಿದ್ದೇವೆ?

ಅಪೊಸ್ತಲ ಪೌಲನ ಬಗ್ಗೆ ಎರಡು ಪುಟ ಬರೆದು ತಂದಿದ್ದೆ, ಗಡಿಯಾರ ಒಪ್ಪುತ್ತಿಲ್ಲ. ಇಷ್ಟು ಹೇಳುತ್ತೇನೆ. ಅವನು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ, 13ನೇ ವಚನ ಓದಿ. ದೇಹದ ದುರಭ್ಯಾಸಗಳನ್ನು ಪವಿತ್ರಾತ್ಮನ ಬಲದಿಂದ ಸಾಯಿಸಬೇಕಂತೆ. ಬಲ ಆತ್ಮನದು, ಸಾಯಿಸುವ ಕೆಲಸ ನಮ್ಮದು. ಕೃಪೆ ಇದೆಯಲ್ಲ ಎಂದು ಕಾಲು ಚಾಚಿ ಕೂರುವವರು ಈ ವಚನವನ್ನು ಹಾರಿಸಿಬಿಡುತ್ತಾರೆ.

ಇವತ್ತು ರಾತ್ರಿ 139ನೇ ಕೀರ್ತನೆಯ ಕೊನೆಯ ಎರಡು ವಚನಗಳನ್ನು ಪ್ರಾರ್ಥಿಸಿ. ದೇವರೇ, ನನ್ನನ್ನು ಪರೀಕ್ಷಿಸು ಎಂಬ ಬೇಡಿಕೆ ಅದು. ಆಮೇಲೆ ಮನೆಯವರನ್ನು ಕೇಳಿ, ನನ್ನಲ್ಲಿ ಇನ್ನೂ ಏನು ಬದಲಾಗಬೇಕು ಅಂತ. ಅವರು ಹೇಳುವಾಗ ದಯವಿಟ್ಟು ನಡುವೆ ಬಾಯಿ ಹಾಕಬೇಡಿ.

ವಂದನೆಗಳು.