ನಕ್ಕವರು, ಅತ್ತವರು, ಸಿಟ್ಟಾದವರು: ಡಾನ್ ಕ್ವಿಕ್ಸೋಟ್ ಓದಿದ ಮೇಲೆ

ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ನಮ್ಮ ಬಳ್ಳಾರಿಯ ಓದುಗರ ಬಳಗ ಈ ಸಲ ಕೈಗೆತ್ತಿಕೊಂಡದ್ದು ಸ್ಪೇನಿನ ಸರ್ವಾಂಟಿಸ್ ಬರೆದ 'ಡಾನ್ ಕ್ವಿಕ್ಸೋಟ್' ಕಾದಂಬರಿ. ಓದಿ ಮುಗಿಸುವಷ್ಟರಲ್ಲಿ ಬಳಗದಲ್ಲೇ ಜಗಳ ಶುರುವಾಯಿತು. ನಿವೃತ್ತ ಮೇಷ್ಟ್ರೊಬ್ಬರು ಇಷ್ಟು ನಗಿಸಿದ ಪುಸ್ತಕವೇ ಇಲ್ಲ ಅಂದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮ ಅಕ್ಕ ಒಬ್ಬರು ಸಿಟ್ಟಾದರು. "ತಲೆ ಸರಿ ಇಲ್ಲದ ಮನುಷ್ಯನ್ನ ಪುಟಪುಟಕ್ಕೂ ಹೊಡೀತಾರಲ್ರೀ, ಇದರಾಗ ನಗೋದೇನೈತಿ?" ಅಂತ ಕೇಳಿದರು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಇಬ್ಬರ ಮಾತೂ ಒಪ್ಪಲಿಲ್ಲ. ಇಡೀ ಪುಸ್ತಕದಲ್ಲಿ ತಾನು ಯಾರಾಗಬೇಕು ಅಂತ ತಾನೇ ತೀರ್ಮಾನ ಮಾಡಿದವನು ಡಾನ್ ಕ್ವಿಕ್ಸೋಟ್ ಒಬ್ಬನೇ ಅಂದ. ಈ ಮೂರು ಮಾತುಗಳ ಬಗ್ಗೆಯೇ ಇವತ್ತು ಮಾತಾಡುತ್ತೇನೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಲಾ ಮಾಂಚಾ ಅನ್ನುವ ಸೀಮೆಯ ಒಂದು ಹಳ್ಳಿ. ಅಲ್ಲಿ ಐವತ್ತರ ಹತ್ತಿರದ ಒಬ್ಬ ಮನುಷ್ಯ. ಮದುವೆ ಇಲ್ಲ, ಮನೆಯಲ್ಲಿ ಸೋದರ ಸಂಬಂಧದ ಹುಡುಗಿ, ಒಬ್ಬ ಮನೆಗೆಲಸದಾಕೆ. ಅವನಿಗೆ ವೀರರ ಕಥೆಗಳ ಹುಚ್ಚು. ಹೊಲ ಮಾರಿ ಪುಸ್ತಕ ಕೊಳ್ಳುತ್ತಾನೆ. ಹಗಲು ರಾತ್ರಿ ಓದಿ ಓದಿ ಕೊನೆಗೆ ತಾನೇ ಒಬ್ಬ ವೀರ ಅಂದುಕೊಳ್ಳುತ್ತಾನೆ. ಮುತ್ತಜ್ಜನ ಕಾಲದ ತುಕ್ಕು ಹಿಡಿದ ಕವಚ ತೊಡುತ್ತಾನೆ, ಡಾನ್ ಕ್ವಿಕ್ಸೋಟ್ ಅಂತ ತನಗೊಂದು ಹೊಸ ಹೆಸರು ಇಟ್ಟುಕೊಳ್ಳುತ್ತಾನೆ, ಬಡಕಲು ಕುದುರೆ ಏರಿ ಹೊರಡುತ್ತಾನೆ. ಸ್ಯಾಂಚೊ ಪಾಂಜಾ ಅನ್ನುವ ರೈತ ಕತ್ತೆ ಏರಿ ಅವನ ಹಿಂದೆ ಹೋಗುತ್ತಾನೆ. ಮೊದಲ ಭಾಗ ಬಂದದ್ದು 1605ರಲ್ಲಿ, ಎರಡನೆಯದು 1615ರಲ್ಲಿ.

ಆಗಿನ ಓದುಗರು ನಕ್ಕರು. ಬೀದಿಯಲ್ಲಿ ಒಬ್ಬ ವಿದ್ಯಾರ್ಥಿ ಪುಸ್ತಕ ಹಿಡಿದು ಬಿದ್ದು ಬಿದ್ದು ನಗುತ್ತಿದ್ದನಂತೆ. ಅದನ್ನು ಕಂಡ ದೊರೆ ಮೂರನೆಯ ಫಿಲಿಪ್, ಅವನಿಗೆ ಹುಚ್ಚು ಹಿಡಿದಿರಬೇಕು, ಇಲ್ಲವೇ ಡಾನ್ ಕ್ವಿಕ್ಸೋಟ್ ಓದುತ್ತಿರಬೇಕು ಅಂದನಂತೆ. ಇದು ದಂತಕಥೆ. ಆದರೆ ಆ ಕಾಲದವರು ಪುಸ್ತಕವನ್ನು ಹೇಗೆ ತಗೊಂಡರು ಅನ್ನುವುದು ಇದರಲ್ಲಿ ಗೊತ್ತಾಗುತ್ತದೆ. ಎರಡು ನೂರು ವರ್ಷ ಕಳೆದ ಮೇಲೆ ಜರ್ಮನಿಯ ಕವಿ ಹೈನೆ, ಚಿಕ್ಕವನಿದ್ದಾಗ ಇದನ್ನು ಓದಿ ಅತ್ತದ್ದನ್ನು ಬರೆದ. ರಷ್ಯಾದ ಕಾದಂಬರಿಕಾರ ತುರ್ಗೆನೆವ್ 1860ರಲ್ಲಿ ಒಂದು ಉಪನ್ಯಾಸ ಕೊಟ್ಟ. ತನ್ನನ್ನೇ ಅನುಮಾನಿಸುವ ಶೇಕ್ಸ್‌ಪಿಯರನ ಹ್ಯಾಮ್ಲೆಟ್‌ಗಿಂತ ನಂಬಿಕೆಗಾಗಿ ಬದುಕುವ ಈ ಮುದುಕನೇ ಅವನಿಗೆ ಮೇಲಾಗಿ ಕಂಡ. ಆಮೇಲೆ 1952ರಲ್ಲಿ ಕಾದಂಬರಿಕಾರ ನಬೊಕೊವ್ ಅಮೆರಿಕದ ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಾ, ಈ ಪುಸ್ತಕದ ತುಂಬಾ ಕ್ರೌರ್ಯವೇ ಇದೆ ಅಂದ. ನಮ್ಮ ನರ್ಸ್ ಅಕ್ಕ ನಬೊಕೊವ್‌ನನ್ನು ಓದಿದವರಲ್ಲ. ಆದರೂ ಅವರ ಸಿಟ್ಟೂ ಅವನ ಸಿಟ್ಟೂ ಒಂದೇ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಓದುಗರ ಈ ಜಗಳ ಕಾದಂಬರಿಯ ಒಳಗೇ ಇದೆ. ಎರಡನೆಯ ಭಾಗ ಶುರುವಾಗುವ ಹೊತ್ತಿಗೆ ಆ ಲೋಕದ ಜನ ಮೊದಲ ಭಾಗವನ್ನು ಓದಿಬಿಟ್ಟಿರುತ್ತಾರೆ! ಕರಾಸ್ಕೊ ಅನ್ನುವ ಪದವೀಧರ ಮನೆಗೆ ಬಂದು ಊರವರ ಅಭಿಪ್ರಾಯವನ್ನೆಲ್ಲ ಡಾನ್ ಕ್ವಿಕ್ಸೋಟ್‌ಗೇ ವರದಿ ಮಾಡುತ್ತಾನೆ. ಕೆಲವರಿಗೆ ಗಾಳಿಗಿರಣಿಗಳನ್ನು ದೈತ್ಯರು ಅಂದುಕೊಂಡು ಮೇಲೆ ಬಿದ್ದ ಪ್ರಸಂಗ ಇಷ್ಟ. ಕೆಲವರಿಗೆ ಕುರಿಹಿಂಡನ್ನು ಸೈನ್ಯ ಅಂದುಕೊಂಡದ್ದು ಇಷ್ಟ. ನಡುವೆ ತುರುಕಿದ ಬೇರೆ ಕಥೆ ಬೇಡವಾಗಿತ್ತು ಅನ್ನುವವರಿದ್ದಾರೆ. ಹೊಡೆತ ತಿಂದದ್ದನ್ನು ಸ್ವಲ್ಪ ಕಡಿಮೆ ಬರೆಯಬಹುದಿತ್ತು ಅನ್ನುವವರೂ ಇದ್ದಾರೆ. ಸ್ಯಾಂಚೊನ ಕತ್ತೆ ಕಳುವಾಯಿತು ಅಂತ ಬರೆದು, ಆಮೇಲೆ ಅದೇ ಕತ್ತೆಯ ಮೇಲೆ ಅವನನ್ನು ಕೂರಿಸಿದ್ದು ಹೇಗೆ ಅಂತಲೂ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಬೇಕಾದವನು ಪಾಪ ಸ್ಯಾಂಚೊ! ಹೊಡೆತ ಜಾಸ್ತಿಯಾಯಿತು ಅನ್ನುವ ಮಾತು 1615ರಲ್ಲೇ, ಪುಸ್ತಕದೊಳಗೇ ಬಂದಿದೆ ಅನ್ನುವುದನ್ನು ನೆನಪಿಡಿ.

ಈಗ ಭ್ರಮೆಯ ವಿಷಯಕ್ಕೆ ಬರುತ್ತೇನೆ. ಗಾಳಿಗಿರಣಿಯ ಪ್ರಸಂಗ ಪುಸ್ತಕ ಓದದವರಿಗೂ ಗೊತ್ತು. ಆದರೆ ಅದರ ಹಿಂದಿನ ಅಧ್ಯಾಯವನ್ನು ನಾವು ಸುಮ್ನೆ ದಾಟಿಬಿಡುತ್ತೇವೆ. ಮೊದಲ ಸಲ ಹೊಡೆತ ತಿಂದು ಅವನು ಮನೆಗೆ ಬಂದು ಮಲಗುತ್ತಾನೆ. ಊರಿನ ಪಾದ್ರಿ ಮತ್ತು ಕ್ಷೌರಿಕ ಇಬ್ಬರೂ ಅವನ ಗೆಳೆಯರು, ಒಳ್ಳೆಯವರೇ. ಅವನು ನಿದ್ದೆಯಲ್ಲಿರುವಾಗ ಪುಸ್ತಕಗಳನ್ನು ಸುಡಿಸುತ್ತಾರೆ. ಪುಸ್ತಕದ ಕೋಣೆಯ ಬಾಗಿಲಿಗೆ ಗೋಡೆ ಕಟ್ಟಿಸುತ್ತಾರೆ. ಎದ್ದು ಬಂದವನು ಗೋಡೆ ತಡವಿ ತಡವಿ ಬಾಗಿಲು ಹುಡುಕುತ್ತಾನೆ. ಮನೆಯವರು ಮೊದಲೇ ಮಾತಾಡಿಕೊಂಡ ಹಾಗೆ, ಒಬ್ಬ ಮಾಂತ್ರಿಕ ಮೋಡದ ಮೇಲೆ ಬಂದು ಕೋಣೆಯನ್ನೇ ಹೊತ್ತುಕೊಂಡು ಹೋದ ಅನ್ನುತ್ತಾರೆ. ಅವನು ತಕ್ಷಣ ನಂಬುತ್ತಾನೆ. ಆ ಮಾಂತ್ರಿಕನ ಹೆಸರು ಫ್ರೆಸ್ಟೊನ್ ಅಂತ ತಾನೇ ಹೇಳುತ್ತಾನೆ.

ಮುಂದಿನ ಅಧ್ಯಾಯದಲ್ಲಿ ಗಾಳಿಗಿರಣಿಗೆ ಬಡಿದು ಬೀಳುತ್ತಾನೆ. ಅವು ಗಿರಣಿ ಅಂತ ಹೇಳಿರಲಿಲ್ವಾ ಅಂತ ಸ್ಯಾಂಚೊ ಕೇಳಿದಾಗ ಅವನ ಉತ್ತರ ಸಿದ್ಧವಾಗಿದೆ. ನನ್ನ ಪುಸ್ತಕ ಕದ್ದ ಆ ಫ್ರೆಸ್ಟೊನ್ ದೈತ್ಯರನ್ನು ಗಿರಣಿ ಮಾಡಿಬಿಟ್ಟ ಅನ್ನುತ್ತಾನೆ. ನೋಡಿ, ಈ ಮಾತಿಗೆ ಸಾಕ್ಷಿ ಒದಗಿಸಿದ್ದು ಯಾರು? ಮನೆಯವರೇ ಅಲ್ವಾ? ಪುಸ್ತಕ ಓದಿದ್ದರಿಂದ ಅವನಿಗೆ ಭ್ರಮೆ ಬಂತು ಅಂತ ಎಲ್ಲರೂ ಹೇಳುತ್ತಾರೆ. ಬಂದ ಭ್ರಮೆ ಬೇರು ಬಿಟ್ಟದ್ದು ಅವನನ್ನು ಪ್ರೀತಿಸುವವರು ಹೇಳಿದ ಸುಳ್ಳಿನಿಂದ. ನನಗೆ ಇಡೀ ಕಾದಂಬರಿಯಲ್ಲಿ ತುಂಬಾ ಮುಖ್ಯ ಅನ್ನಿಸಿದ ಜಾಗ ಇದು.

ನಾವು ಬಳ್ಳಾರಿಯವರು ಈ ಮಾತನ್ನು ಬೇಗ ಅರ್ಥ ಮಾಡಿಕೊಳ್ಳಬೇಕು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಔಷಧಿ ಸಿಗುವ ಹಾಗೆ ಮಾಡಿತು. ಅದಕ್ಕೆ 'ಬಳ್ಳಾರಿ ಮಾದರಿ' ಅಂತಲೇ ಹೆಸರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಈ ಮಾದರಿಯ ಮೇಲೆ. ಭ್ರಮೆ ಇರುವವರ ಜೊತೆ ವಾದ ಮಾಡಿ ಗೆಲ್ಲಲು ಹೋಗಬೇಡಿ, ಹೌದು ಹೌದು ಅಂತ ತಾಳ ಹಾಕಲೂ ಬೇಡಿ ಅಂತ ವೈದ್ಯರು ಮನೆಯವರಿಗೆ ಹೇಳುತ್ತಾರೆ. ಪಾದ್ರಿ, ಕ್ಷೌರಿಕ, ಮನೆಯ ಹುಡುಗಿ ಮಾಡಿದ್ದು ಈ ಎರಡನೆಯ ತಪ್ಪು. ನರ್ಸ್ ಅಕ್ಕನ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ಆಗ ಗೊತ್ತಾಯಿತು. ವಾರ್ಡಿನಲ್ಲಿ ಇಂಥ ಮನೆಯವರನ್ನು ಅವರು ದಿನಾ ನೋಡುತ್ತಾರೆ.

ಹಾಗಂತ ಡಾನ್ ಕ್ವಿಕ್ಸೋಟ್ ಬರೀ ರೋಗಿ ಅಂದರೆ ಪುಸ್ತಕಕ್ಕೆ ಅನ್ಯಾಯ. ಎರಡನೆಯ ಭಾಗದಲ್ಲಿ ಒಂದು ಗೊಂಬೆಯಾಟ ಬರುತ್ತದೆ. ಬೆಳಗಲ್ಲು ವೀರಣ್ಣನವರ ತೊಗಲು ಗೊಂಬೆ ನೋಡಿದ ಊರಿನವರು ನಾವು, ಇದನ್ನು ಓದುವಾಗ ನಮಗೆ ಬೇರೆಯವರಿಗಿಂತ ಜಾಸ್ತಿ ಖುಷಿಯಾಗುತ್ತದೆ. ಒಂದು ತಂಗುದಾಣದಲ್ಲಿ ಪೇದ್ರೊ ಅನ್ನುವವನು ಆಟ ಆಡಿಸುತ್ತಾನೆ. ಸೆರೆಯಲ್ಲಿರುವ ಹೆಂಡತಿಯನ್ನು ವೀರನೊಬ್ಬ ಬಿಡಿಸಿಕೊಂಡು ಹೋಗುವ ಕಥೆ. ಪಕ್ಕದಲ್ಲಿ ನಿಂತ ಹುಡುಗ ಕಥೆ ಹೇಳುತ್ತಾನೆ. ಡಾನ್ ಕ್ವಿಕ್ಸೋಟ್ ನಡುವೆ ಬಾಯಿ ಹಾಕಿ ಒಂದು ತಪ್ಪು ತಿದ್ದುತ್ತಾನೆ. ಮೂರ್ ಜನ, ಅಂದರೆ ಕಥೆಯಲ್ಲಿ ಅವಳನ್ನು ಸೆರೆಯಿಟ್ಟ ಮುಸ್ಲಿಮರು, ಗಂಟೆ ಬಾರಿಸುವುದಿಲ್ಲ, ಅವರದು ನಗಾರಿ ಅನ್ನುತ್ತಾನೆ. ಅಂದರೆ ಅದು ಆಟ ಅಂತ ಅವನಿಗೆ ಆಗ ಚೆನ್ನಾಗಿಯೇ ಗೊತ್ತು. ಸ್ವಲ್ಪ ಹೊತ್ತಿಗೆ ಶತ್ರುಗಳು ಓಡುವ ಜೋಡಿಯ ಬೆನ್ನು ಹತ್ತಿದ್ದೇ ತಡ, ಕತ್ತಿ ಹಿರಿದು ರಂಗಕ್ಕೆ ನುಗ್ಗಿ ಗೊಂಬೆಗಳನ್ನು ಕೊಚ್ಚಿ ಹಾಕುತ್ತಾನೆ. ಆಮೇಲೆ ಶಾಂತನಾಗಿ, ಒಡೆದ ಒಂದೊಂದು ಗೊಂಬೆಗೂ ಬೆಲೆ ಕಟ್ಟಿಸಿ ದುಡ್ಡು ಕೊಡುತ್ತಾನೆ!

ಇಲ್ಲಿ ಯಾವುದು ಹುಚ್ಚು, ಯಾವುದು ಅಲ್ಲ? ರಾವಣ ಸೀತೆಯನ್ನು ಎಳೆದೊಯ್ಯುವಾಗ ಪರದೆಯ ಮುಂದೆ ಕೂತ ಅಜ್ಜಿಯರು ಅವನಿಗೆ ಶಾಪ ಹಾಕುತ್ತಾರೆ. ಅವರಿಗೂ ಅದು ತೊಗಲು ಅಂತ ಗೊತ್ತು. ಆಟ ಕಟ್ಟುವವನಿಗೆ ಬೇಕಾದದ್ದೂ ಅದೇ. ಡಾನ್ ಕ್ವಿಕ್ಸೋಟ್ ಆ ಅಜ್ಜಿಯರಿಗಿಂತ ಒಂದು ಹೆಜ್ಜೆ ಮುಂದೆ ಹೋದ. ಅನ್ಯಾಯ ಕಣ್ಣಮುಂದೆ ನಡೆಯುವಾಗ ಸುಮ್ಮನೆ ಕೂರಲು ಅವನಿಂದ ಆಗಲಿಲ್ಲ. ಕಾಲೇಜು ಹುಡುಗ ಅವನನ್ನು ಮೆಚ್ಚಿದ್ದು ಇದಕ್ಕೇ ಅಂತ ಕಾಣುತ್ತದೆ. ಮೊದಲ ಭಾಗದಲ್ಲೇ ಪಕ್ಕದ ಮನೆಯ ರೈತ, ನೀವು ವೀರರೂ ಅಲ್ಲ, ಏನೂ ಅಲ್ಲ, ನಮ್ಮೂರಿನ ಸಾಹುಕಾರರು ಅಂದಾಗ ಅವನು ಕೊಡುವ ಉತ್ತರ ಹುಡುಗನಿಗೆ ಬಾಯಿಪಾಠ: "ನಾನು ಯಾರು ಅಂತ ನನಗೆ ಗೊತ್ತು."

ನನ್ನ ಸಿಟ್ಟು ಇರುವುದು ಎರಡನೆಯ ಭಾಗದಲ್ಲಿ ಬರುವ ಡ್ಯೂಕ್ ಅನ್ನುವ ದೊಡ್ಡ ಶ್ರೀಮಂತ ಮತ್ತು ಅವನ ಹೆಂಡತಿಯ ಮೇಲೆ. ಅವರೂ ಮೊದಲ ಭಾಗದ ಓದುಗರೇ. ಇಷ್ಟಪಟ್ಟು ಓದಿದವರು. ಡಾನ್ ಕ್ವಿಕ್ಸೋಟ್ ಎದುರಿಗೆ ಸಿಕ್ಕಿದಾಗ ಅರಮನೆಗೆ ಕರೆದು ನಿಜವಾದ ವೀರನ ಹಾಗೆ ಸತ್ಕರಿಸುತ್ತಾರೆ. ಅವನಿಗೆ ತಾನು ಪೂರ್ತಿ ವೀರ ಅನ್ನುವ ನಂಬಿಕೆ ಬಂದದ್ದು ಆ ದಿನವೇ. ಎಲ್ಲವೂ ನಾಟಕ. ಆಳುಗಳಿಗೆ ವೇಷ ಹಾಕಿಸಿ, ಕಣ್ಣು ಕಟ್ಟಿ ಮರದ ಕುದುರೆಯ ಮೇಲೆ ಕೂರಿಸಿ, ಆಕಾಶದಲ್ಲಿ ಹಾರುತ್ತಿದ್ದೀರಿ ಅಂತ ನಂಬಿಸಿ ನಗುತ್ತಾರೆ. ಬಡವರು ಹೊಡೆದಾಗ ಅವನ ಪಕ್ಕೆಲುಬು ನೋಯುತ್ತಿತ್ತು. ಇಲ್ಲಿ ಅವನ ನಂಬಿಕೆಯನ್ನೇ ಆಟದ ಸಾಮಾನು ಮಾಡಿಕೊಂಡರು. ನಬೊಕೊವ್ ಇದನ್ನು ಕ್ರೌರ್ಯ ಅಂದದ್ದು ಸರಿ. ಆದರೆ ಆ ಕ್ರೌರ್ಯದ ಪಕ್ಷವನ್ನು ಸರ್ವಾಂಟಿಸ್ ವಹಿಸಿದ ಅಂದರೆ ನಾನು ಒಪ್ಪುವುದಿಲ್ಲ. ಕಥೆ ಹೇಳುವವನೇ ಕೊನೆಯ ಹತ್ತಿರ ಒಂದು ಮಾತು ಹೇಳುತ್ತಾನೆ: ಗೇಲಿ ಮಾಡಿದವರೂ ಗೇಲಿಗೆ ಸಿಕ್ಕವರಷ್ಟೇ ಹುಚ್ಚರು. ನಕ್ಕವರೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಮೇಷ್ಟ್ರು ನಕ್ಕದ್ದು ಸ್ಯಾಂಚೊನ ಗಾದೆಗಳಿಗೆ. ಆ ನಗು ಬೇರೆ, ಡ್ಯೂಕನ ನಗು ಬೇರೆ.

ಇನ್ನು ಗುರುತಿನ ಮಾತು. 1614ರಲ್ಲಿ ಅವೆಯಾನೆಡಾ ಅನ್ನುವ ಹೆಸರಿನಲ್ಲಿ ಯಾರೋ ಒಂದು ನಕಲಿ ಎರಡನೆಯ ಭಾಗ ಬರೆದು ಅಚ್ಚು ಹಾಕಿಸಿದರು. ಸರ್ವಾಂಟಿಸ್ ಆ ಅವಮಾನವನ್ನು ಕಥೆಗೇ ತಂದ. ತಂಗುದಾಣವೊಂದರಲ್ಲಿ ಇಬ್ಬರು ಆ ನಕಲಿ ಪುಸ್ತಕ ಓದುತ್ತಿರುವುದು ಡಾನ್ ಕ್ವಿಕ್ಸೋಟ್ ಕಿವಿಗೆ ಬೀಳುತ್ತದೆ. ನಕಲಿಯವನು ಸಾರಗೋಸಾಕ್ಕೆ ಹೋದ ಅಂತ ಗೊತ್ತಾದ ಕೂಡಲೇ ಇವನು ದಾರಿ ಬದಲಿಸಿ ಬಾರ್ಸಿಲೋನಾಗೆ ಹೊರಡುತ್ತಾನೆ. ಮುಂದೆ ಆ ನಕಲಿ ಪುಸ್ತಕದ ಪಾತ್ರವೊಂದು ಇವನಿಗೆ ಎದುರಾಗುತ್ತದೆ. ಇವನೇ ಅಸಲಿ ಅಂತ ಅಧಿಕಾರಿಯ ಮುಂದೆ ಅವನಿಂದ ಹೇಳಿಕೆ ಬರೆಸಿಕೊಳ್ಳುತ್ತಾನೆ. ತಾನು ಯಾರು ಅಂತ ತನಗೆ ಗೊತ್ತು ಅಂದವನಿಗೆ ಕೊನೆಗೆ ಅಫಿಡವಿಟ್ಟು ಬೇಕಾಯಿತು. ಇದನ್ನು ಓದಿ ನನಗೆ ತುಂಬಾ ಸಂಕಟವಾಯಿತು.

ಕೊನೆಯ ಅಧ್ಯಾಯದ ಬಗ್ಗೆ ನಮ್ಮಲ್ಲಿ ಜಗಳ ಇನ್ನೂ ಮುಗಿದಿಲ್ಲ. ಸೋತು ಮನೆಗೆ ಬಂದು ಜ್ವರದಿಂದ ಮಲಗುತ್ತಾನೆ. ಎದ್ದಾಗ ಭ್ರಮೆ ಬಿಟ್ಟಿರುತ್ತದೆ. ನಾನು ಡಾನ್ ಕ್ವಿಕ್ಸೋಟ್ ಅಲ್ಲ, ಅಲೊನ್ಸೊ ಕಿಹಾನೊ ಅನ್ನುತ್ತಾನೆ. ಉಯಿಲು ಬರೆಸುತ್ತಾನೆ. ವೀರರ ಕಥೆ ಓದಿದವನನ್ನು ಮದುವೆಯಾದರೆ ಮನೆಯ ಹುಡುಗಿಗೆ ಆಸ್ತಿ ಇಲ್ಲ ಅನ್ನುವ ಷರತ್ತೂ ಹಾಕುತ್ತಾನೆ. ಸ್ಯಾಂಚೊ ಅಳುತ್ತಾ, ಸಾಯಬೇಡಿ ದಣಿ, ಏಳಿ, ಕುರುಬರ ಹಾಗೆ ಬಟ್ಟೆ ಹಾಕಿಕೊಂಡು ಹೊಲಕ್ಕೆ ಹೋಗೋಣ ಅನ್ನುತ್ತಾನೆ. ಗುಣವಾಗಿ ಸತ್ತ, ಅದೇ ಸಮಾಧಾನ ಅಂತ ನರ್ಸ್ ಅಕ್ಕ. ಅವನು ಸತ್ತದ್ದೇ ಗುಣವಾದದ್ದರಿಂದ ಅಂತ ಹುಡುಗ.

ನಾನು ಸ್ಯಾಂಚೊನ ಕಡೆ. ಅವನು ಗಾಳಿಗಿರಣಿಯನ್ನು ಗಿರಣಿ ಅಂತಲೇ ಹೇಳಿದವನು. ದಣಿಯ ಜೊತೆ ಹೊಡೆತವನ್ನೂ ತಿಂದವನು. ಒಂದು ಸುಳ್ಳನ್ನು ಅವನೂ ಹೇಳಿದ್ದಾನೆ, ಯಾವಳೋ ಹಳ್ಳಿ ಹೆಣ್ಣನ್ನು ತೋರಿಸಿ, ದಣಿ ಮನಸ್ಸಿನಲ್ಲೇ ಕಟ್ಟಿಕೊಂಡ ಪ್ರೇಯಸಿ ದುಲ್ಸಿನಿಯಾ ಇವಳೇ ಅಂದಿದ್ದಾನೆ. ಆದರೂ ಪಾದ್ರಿಯ ಹಾಗೆ ಗೋಡೆ ಕಟ್ಟಲಿಲ್ಲ, ಡ್ಯೂಕನ ಹಾಗೆ ನೋಡಿ ನಗಲು ಅವನನ್ನು ಇಟ್ಟುಕೊಳ್ಳಲಿಲ್ಲ. ಕೊನೆಯಲ್ಲಿ ಅವನಿಗೆ ಬೇಕಾದದ್ದು ಆ ಮನುಷ್ಯ, ಹೆಸರು ಯಾವುದಾದರೂ ಇರಲಿ. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ. ದಣಿ ಕೊಡುತ್ತೇನೆ ಅಂದ ದ್ವೀಪದ ಆಸೆಗೆ ಹಿಂದೆ ಬಿದ್ದವನು ಸ್ಯಾಂಚೊ ಅನ್ನುವುದು ಅವರ ವಾದ. ಅದಕ್ಕೂ ಪುಸ್ತಕದಲ್ಲಿ ಆಧಾರ ಇದೆ. ಮೈಕು ಅವರಿಗೆ ಕೊಡುತ್ತೇನೆ, ಅವರ ಮಾತು ಕೇಳೋಣ.