ಒಂದು ಹಾಕೋಣವೋ, ಎರಡೋ?

ಕೇಳುಗರೇ, ನಮಸ್ಕಾರ.

ಐವಿಎಫ್, ಅಂದರೆ ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ, ಮಾಡಿಸಿಕೊಳ್ಳುವವರಿಗೆ ಈ ಪ್ರಶ್ನೆ ಎದುರಾಗಿಯೇ ಆಗುತ್ತದೆ. ಇಂಜೆಕ್ಷನ್, ಸ್ಕ್ಯಾನ್, ಅಂಡಾಣು ತೆಗೆಯುವುದು ಎಲ್ಲ ಮುಗಿದಿದೆ. ಐದು ದಿನ ಬೆಳೆದ ಎರಡು ಭ್ರೂಣಗಳು ಲ್ಯಾಬಿನಲ್ಲಿವೆ. ಗರ್ಭಕೋಶಕ್ಕೆ ಒಂದನ್ನು ಹಾಕುವುದೋ, ಎರಡನ್ನೂ ಹಾಕುವುದೋ?

"ಎರಡೂ ಹಾಕಿಬಿಡಿ ಡಾಕ್ಟ್ರೇ" ಅನ್ನುವವರೇ ಜಾಸ್ತಿ. ಪಾಪ, ವರ್ಷಗಟ್ಟಲೆ ಕಾದಿದ್ದಾರೆ, ದುಡ್ಡು ಸುರಿದಿದ್ದಾರೆ. ಒಂದು ನಿಲ್ಲದಿದ್ದರೆ ಇನ್ನೊಂದಾದರೂ ನಿಲ್ಲಲಿ ಅನ್ನುವ ಆಸೆ. ಎರಡೂ ನಿಂತರೆ ಒಂದೇ ಬಸುರಿಗೆ ಎರಡು ಮಕ್ಕಳು, ಅಲ್ವಾ?

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಭ್ರೂಣ ನಿಲ್ಲುವ ಸಾಧ್ಯತೆ ನೂರಕ್ಕೆ 40 ಅಂತ ಸುಮ್ನೆ ಇಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಹಾಕಿದರೆ 80 ಆಗುವುದಿಲ್ಲ, 64 ಆಗುತ್ತದೆ. ಅದರಲ್ಲಿ 16 ಅವಳಿ. ಈಗ ಒಂದನ್ನು ಹಾಕಿ, ಇನ್ನೊಂದನ್ನು ಫ್ರೀಜ್ ಮಾಡಿಡಿ. ಮೊದಲನೆಯದರಲ್ಲಿ 40 ಜನಕ್ಕೆ ನಿಂತಿತು. ಉಳಿದ 60 ಜನ ಎರಡನೆಯದನ್ನು ಹಾಕಿಸಿಕೊಂಡರೆ ಇನ್ನೂ 24. ಒಟ್ಟು ಮತ್ತೆ ಅದೇ 64! ಹೆಚ್ಚು ಹೋಗುವುದು ಒಂದೆರಡು ತಿಂಗಳ ಕಾಯುವಿಕೆ, ಇನ್ನೊಂದು ಸಲದ ಖರ್ಚು.

ಇದು ಬರೀ ಕಾಗದದ ಲೆಕ್ಕವಲ್ಲ. 2004ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನವೊಂದರಲ್ಲಿ 36 ವರ್ಷದೊಳಗಿನ 661 ಹೆಂಗಸರಿದ್ದರು. ಎರಡನ್ನು ಒಟ್ಟಿಗೆ ಹಾಕಿದವರಲ್ಲಿ ಹೆರಿಗೆಯ ತನಕ ಹೋದವರು ನೂರಕ್ಕೆ 43. ಒಂದು ಹಾಕಿ, ನಿಲ್ಲದಿದ್ದರೆ ಫ್ರೀಜ್ ಮಾಡಿದ ಇನ್ನೊಂದನ್ನು ಹಾಕಿದವರಲ್ಲಿ 39. ಹಾಗೆ ಹೆತ್ತವರಲ್ಲಿ ಅವಳಿ ಎಷ್ಟು? ಮೊದಲ ಗುಂಪಿನಲ್ಲಿ ನೂರಕ್ಕೆ 33. ಎರಡನೆಯದರಲ್ಲಿ ಒಂದೂ ಪೂರ್ತಿ ಇಲ್ಲ.

ಅವಳಿ ಅಂದರೆ ಬೋನಸ್ ಅಂತ ನಾನಂತೂ ಹೇಳಲಾರೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಕೆಲವಕ್ಕೆ ತೂಕ ಸಾಲದು, ಕೆಲವಕ್ಕೆ ಉಸಿರಾಟದ ತೊಂದರೆ. ತಾಯಿಗೆ ಬಿಪಿ ಏರುವುದು, ರಕ್ತಸ್ರಾವ, ಸಿಸೇರಿಯನ್ ಎಲ್ಲದರ ಸಂಭವವೂ ಹೆಚ್ಚು. ಜೋಡಿ ಫ್ರಾಕಿನ ಫೋಟೊದಲ್ಲಿ ಇನ್‌ಕ್ಯುಬೇಟರ್ ಮುಂದೆ ಕಳೆದ ರಾತ್ರಿಗಳು ಕಾಣುವುದಿಲ್ಲ. ಅಂದಹಾಗೆ, ಹಾಕಿದ ಒಂದೇ ಭ್ರೂಣ ಎರಡಾಗಿ ಒಡೆದು ಅವಳಿ ಆಗುವುದೂ ಉಂಟು, ಆದರೆ ಅಪರೂಪ.

ಹಾಗಂತ ಎಲ್ಲರಿಗೂ ಒಂದೇ ಅನ್ನುವ ಹಟವೂ ಸರಿಯಲ್ಲ. ವಯಸ್ಸು ನಲವತ್ತರ ಹತ್ತಿರ ಬಂದಿದ್ದರೆ, ಹಿಂದೆ ಹಲವು ಸಲ ನಿಲ್ಲದೇ ಹೋಗಿದ್ದರೆ, ಭ್ರೂಣಗಳು ಅಷ್ಟು ಚೆನ್ನಾಗಿ ಬೆಳೆದಿರದಿದ್ದರೆ ಡಾಕ್ಟರೇ ಎರಡು ಅನ್ನಬಹುದು. ಆದರೆ ಚಿಕ್ಕ ವಯಸ್ಸಿನ ದಾನಿಯ ಅಂಡಾಣುವಾದರೆ, ತಾಯಿಯ ವಯಸ್ಸು ಎಷ್ಟೇ ಇರಲಿ, ಸಾಮಾನ್ಯವಾಗಿ ಒಂದೇ ಸಾಕು.

ಈ ಮಾತುಕತೆಯನ್ನು ಭ್ರೂಣ ಹಾಕುವ ದಿನಕ್ಕೆ ಇಟ್ಟುಕೊಳ್ಳಬೇಡಿ. ಆಪರೇಷನ್ ಗೌನ್ ತೊಟ್ಟು ಕೂತಾಗ ಯಾರಿಗೂ ಲೆಕ್ಕ ಹೊಳೆಯುವುದಿಲ್ಲ. ವಾರ ಮೊದಲೇ ಗಂಡ ಹೆಂಡತಿ ಒಟ್ಟಿಗೆ ಹೋಗಿ ಒಂದು ಪ್ರಶ್ನೆ ಕೇಳಿ: ನಿಮ್ಮ ಲ್ಯಾಬಿನಲ್ಲಿ ಫ್ರೀಜ್ ಮಾಡಿದ ಭ್ರೂಣಗಳನ್ನು ಹೊರತೆಗೆದಾಗ ನೂರಕ್ಕೆ ಎಷ್ಟು ಜೀವಂತವಾಗಿ ಉಳಿಯುತ್ತವೆ? ನಾನು ಈಗ ಹೇಳಿದ ಲೆಕ್ಕವೆಲ್ಲ ನಿಂತಿರುವುದು ಆ ಉತ್ತರದ ಮೇಲೆ.

ನಮಸ್ಕಾರ.